ಚಿತ್ರಶಾಲೆ: ದೂರದ ಬೆಟ್ಟದ ಬಣ್ಣ

ಕಳೆದ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಸಾಗರ ಸೀಮೆಯ ಸೋದರಿಯೊಬ್ಬರದು ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅವರ ತಾಯಿಯವರ ತವರುಮನೆ ಶರಾವತಿಯ ದಂಡೆಯ ಒಂದು ಹಳ್ಳಿಯಲ್ಲಿದ್ದಿತಂತೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಆ ಹಳ್ಳಿಯೂ, ಮನೆಯೂ, ತೋಟವೂ ನೀರಿನೊಳಗಾದುವು. ಉಳಿದವು ಮನೆಯ ಮುಂದಿನಿಂದ ಕಾಣುತ್ತಿದ್ದ ಗುಡ್ಡಗಳು ಮಾತ್ರ. ತಾಯಿಯವರಿಗೆ ಈಗ ವಯಸ್ಸಾಗಿದೆ. ಕಣ್ಣು ದಿನೇ ದಿನೇ ಮಸುಕಾಗುತ್ತಿದೆ. ಪ್ರಯಾಣ ಮಾಡುವ ಶಕ್ತಿಯಿಲ್ಲ. ಆ ಗುಡ್ಡಗಳ ಚಿತ್ರವೊಂದನ್ನು ಬರೆದು, ಕಣ್ಣಿರುವಾಗಲೇ ಅವರ ಮುಂದಿಡಬೇಕೆಂಬುದು ಮಗಳ ಆಸೆ.

ಆಕೆ ಮಾರ್ಚಿ ತಿಂಗಳಿನಲ್ಲಿ ಹಿನ್ನೀರಿನ ಅಂಚಿಗೆ ಹೋಗಿ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದುಕೊಂಡು ಬಂದು, ಅದನ್ನು ಎದುರಿಗಿಟ್ಟುಕೊಂಡು ಇಪ್ಪತ್ತು ದಿನ ಕುಳಿತು ನೀರುಬಣ್ಣದಲ್ಲಿ ಚಿತ್ರ ಬರೆದರು. ತಾಯಿಯವರು ಅದನ್ನು ಕಿಟಕಿಯ ಬಳಿ ಹಿಡಿದು ನೋಡಿ, “ಗುಡ್ಡ ನಮ್ಮವೇ ಹೌದು, ಆದರೆ ಇವೇಕೆ ಅಂಗಳಕ್ಕೇ ಬಂದು ನಿಂತಿವೆ?” ಎಂದರಂತೆ. ತಪ್ಪೆಲ್ಲಿದೆಯೆಂದು ಕೇಳಿ ಸೋದರಿಯವರು ಚಿತ್ರದ ಪ್ರತಿಯನ್ನು ನಮಗೆ ಕಳುಹಿಸಿರುವರು.

ಚಿತ್ರವನ್ನು ನಾವು ನೋಡಿದೆವು. ರೇಖೆಯಲ್ಲಿ ದೋಷವಿಲ್ಲ. ಐದು ಸಾಲು ಗುಡ್ಡಗಳ ಏರಿಳಿತ ಸ್ಪಷ್ಟವಾಗಿಯೂ ಅಂದವಾಗಿಯೂ ಇದೆ. ಆದರೆ ಐದು ಸಾಲೂ ಒಂದೇ ಹಸಿರು. ಕಟ್ಟಕಡೆಯ ಗುಡ್ಡದ ಮೇಲೆಯೂ ಮರ ಮರವನ್ನೂ ಎಣಿಸಿ ಬರೆದಿದೆ. ತಾಯಿಯವರು ಒಂದು ಮಾತಿನಲ್ಲಿ ಹೇಳಿದುದಕ್ಕಿಂತ ಹೆಚ್ಚಿನ ವಿಮರ್ಶೆಯನ್ನು ನಾವು ಮಾಡಲಾರೆವು. ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಷ್ಟೇ ಈ ತಿಂಗಳ ನಮ್ಮ ಕೆಲಸ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಪರರ ಸುಖವನ್ನು ಕುರಿತು ಹಾಸ್ಯವಾಗಿ ಆಡುವುದುಂಟು. ಚಿತ್ರ ಬರೆಯುವವನಾದರೋ ಅದನ್ನು ಅಕ್ಷರಶಃ ತೆಗೆದುಕೊಳ್ಳತಕ್ಕದ್ದು. ದೂರ ಹೋದಂತೆ ಬೆಟ್ಟ ನುಣ್ಣಗಾಗುವುದಲ್ಲದೆ ತೆಳ್ಳಗೂ ತಣ್ಣಗೂ ಆಗುವುದು; ತನ್ನ ಬಣ್ಣವನ್ನು ಬಿಟ್ಟು ಗಾಳಿಯ ಬಣ್ಣವನ್ನು ಉಡುವುದು. ಇದನ್ನು ನಾವು ಪ್ರತಿದಿನವೂ ಕಾಣುತ್ತೇವೆ. ಆದರೂ ಕುಂಚ ಹಿಡಿದ ಕೂಡಲೇ ಮರೆತುಬಿಡುತ್ತೇವೆ. ಗುಡ್ಡದ ಮೇಲೆ ಕಾಡಿದೆ, ಕಾಡು ಹಸಿರು ಎಂದು ಮನಸ್ಸು ಮೊದಲೇ ಬಲ್ಲದು. ಬಲ್ಲ ಮನಸ್ಸು ಕಣ್ಣಿನ ಸಾಕ್ಷಿಯನ್ನು ಕೇಳುವುದಿಲ್ಲ.

ಇದಕ್ಕೊಂದು ಸುಲಭವಾದ ಪರೀಕ್ಷೆಯುಂಟು. ಬಿಳಿಯ ರಟ್ಟಿನ ತುಂಡೊಂದರ ನಡುವೆ ಬಟಾಣಿ ಕಾಳಿನಷ್ಟು ರಂಧ್ರ ಮಾಡಿ, ತೋಳನ್ನು ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಆ ರಂಧ್ರದ ಮೂಲಕ ದೂರದ ಗುಡ್ಡದ ಒಂದು ಚೂರನ್ನು ಮಾತ್ರ ನೋಡಬೇಕು. ಅದು ಗುಡ್ಡವೆಂಬ ಅರಿವು ಆಗ ತಪ್ಪಿಹೋಗಿ ಬರಿಯ ಬಣ್ಣವೊಂದು ಕಣ್ಣಿಗೆ ಉಳಿಯುವುದು. ಮೊದಲ ಸಲ ನೋಡಿದವರು ಬೆರಗಾಗುವರು. ಹಸಿರೆಂದು ನಂಬಿದ್ದ ಕಾಡು ಬೂದಿ ಬೆರೆತ ನೀಲಿಯಾಗಿಯೋ, ಹಳೆಯ ಸೀಸದ ಬಣ್ಣವಾಗಿಯೋ, ಸುಣ್ಣದ ಗೋಡೆಯ ನೆರಳಿನಂತೆಯೋ ಇರುವುದು. ನಮಗೆ ಹೇಳಿಕೊಟ್ಟವರು ಬಣ್ಣದ ಪೆಟ್ಟಿಗೆ ಮುಟ್ಟುವುದಕ್ಕೆ ಮೊದಲು ಒಂದು ವಾರ ಈ ರಟ್ಟನ್ನೇ ಹಿಡಿಸಿದ್ದರು. ಆಗ ಬೇಸರವಾಗಿತ್ತು; ಈಗ ಅದನ್ನು ಉಪಕಾರವೆಂದು ಎಣಿಸುತ್ತೇವೆ.

ಹೀಗಾಗುವುದಕ್ಕೆ ಕಾರಣ ನಮಗೂ ಗುಡ್ಡಕ್ಕೂ ನಡುವೆ ಇರುವ ಗಾಳಿ. ಗಾಳಿಗೆ ಬಣ್ಣವಿಲ್ಲವೆನ್ನುವುದು ವಾಡಿಕೆ. ಒಂದು ಬೊಗಸೆ ಗಾಳಿಗೆ ಇಲ್ಲದಿರಬಹುದು. ಎರಡು ಹರಿದಾರಿ ದಪ್ಪದ ಗಾಳಿಗೆ ಉಂಟು. ಸೂರ್ಯನ ಬೆಳಕು ಗಾಳಿಯ ಅಣುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚೆದರುವುದು. ಅಲೆ ಚಿಕ್ಕದಾದಷ್ಟೂ ಚೆದರಿಕೆ ಹೆಚ್ಚು. ನೀಲಿಯ ಅಲೆ ಕೆಂಪಿನ ಅಲೆಗಿಂತ ಚಿಕ್ಕದಾದುದರಿಂದ ಅದು ಕೆಂಪಿನ ನಾಲ್ಕು ಪಟ್ಟಿಗಿಂತಲೂ ಹೆಚ್ಚಾಗಿ ಚೆದರುವುದು. 1871ರಲ್ಲಿ ಇಂಗ್ಲೆಂಡಿನ ರೇಲೀ ಈ ನಿಯಮವನ್ನು ಗಣಿತದಿಂದ ತೋರಿಸಿದರು. ನಮ್ಮ ಸಿ. ವಿ. ರಾಮನ್ ಅವರು 1921ರಲ್ಲಿ ಯೂರೋಪಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಅದು ಆಕಾಶದ ಪ್ರತಿಬಿಂಬ ಮಾತ್ರವಲ್ಲವೆಂದು ಪರೀಕ್ಷಿಸಿ ತಿಳಿದು, ಅದೇ ಜಾಡಿನಲ್ಲಿ ನಡೆದು 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದುದು ವಾಚಕರಿಗೆ ತಿಳಿದೇ ಇದೆ.

ಅಡಿಗೆಮನೆಯಲ್ಲಿಯೇ ಇದನ್ನು ನೋಡಬಹುದು. ಊದುಬತ್ತಿಯ ತೆಳುವಾದ ಹೊಗೆ ಕತ್ತಲೆಯ ಬಾಗಿಲಿಗೆ ಎದುರಾಗಿ ಏರುವಾಗ ನೀಲಿಯಾಗಿರುವುದು. ಅದೇ ಹೊಗೆ ಬೆಳಗುವ ಕಿಟಕಿಗೆ ಅಡ್ಡವಾದಾಗ ಕಂದು ಛಾಯೆ ತಾಳುವುದು. ಹಿಂದೆ ಕತ್ತಲೆಯಿದ್ದರೆ ನೀಲಿ, ಹಿಂದೆ ಬೆಳಕಿದ್ದರೆ ಹಳದಿ ಕಂದು. ಆದುದರಿಂದಲೇ ದೂರದ ಕಪ್ಪುಕಾಡು ನೀಲಿಯಾಗುವುದು, ದೂರದ ಬಿಳಿಯ ಮೋಡವಾದರೋ ದಿಗಂತದ ಕಡೆಗೆ ಇಳಿದಂತೆ ಕೆನೆಯ ಬಣ್ಣವಾಗುವುದು. ದೂರದಲ್ಲಿರುವುದೆಲ್ಲವೂ ನೀಲಿಯೆಂದು ಬಾಯಿಪಾಠ ಮಾಡಿದವರು ಈ ಎರಡನೆಯ ಅರ್ಧವನ್ನು ಮರೆತು ಮೋಡಕ್ಕೂ ನೀಲಿ ಬಳಿದು ಕೆಡಿಸುವರು.

ಇನ್ನು ಮಂಜಿನ ವಿಷಯ. ಇದು ಮಲೆನಾಡಿನವರಿಗೆ ಮುಖ್ಯವಾದುದು. ಮಂಜಿನ ಹನಿಗಳು ಗಾಳಿಯ ಅಣುಗಳಿಗಿಂತ ಎಷ್ಟೋ ದೊಡ್ಡವು. ಅವು ನೀಲಿ ಕೆಂಪೆಂಬ ಭೇದವಿಲ್ಲದೆ ಎಲ್ಲ ಬೆಳಕನ್ನೂ ಸಮನಾಗಿ ಚೆದರಿಸುವುವು. ಆದಕಾರಣ ಮಳೆಗಾಲದ ದೂರ ನೀಲಿಯಲ್ಲ, ಬೆಳ್ಳಗೆ, ಬೂದುಬಿಳುಪು. ಮಳೆ ನಿಂತು ಗಾಳಿ ತೊಳೆದಂತಾದ ಮೇಲೆ, ಕಾರ್ತಿಕ ಮಾರ್ಗಶಿರದ ಹಗಲಿನಲ್ಲಿ, ದೂರ ನಿಜವಾದ ನೀಲಿಯಾಗುವುದು. ಬೇಸಗೆಯಲ್ಲಿ ಧೂಳೂ ಕಾಡುಬೆಂಕಿಯ ಹೊಗೆಯೂ ಸೇರಿ ಅದು ಮಾಸಲು ಕಂದಾಗುವುದು. ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ ಎದ್ದು ನೋಡಿದರೆ ಬೆಟ್ಟವೇ ರಾತ್ರಿ ನಡೆದು ಊರ ಹತ್ತಿರಕ್ಕೆ ಬಂದಂತೆ ತೋರುವುದಲ್ಲವೆ? ಧೂಳು ತೊಳೆದುಹೋಗಿ ತೆರೆ ಸರಿದುದೇ ಅದಕ್ಕೆ ಕಾರಣ. ಹೀಗೆ ದೂರವೆಂಬುದು ಕಣ್ಣಿಗೆ ಅಳತೆಯ ವಿಷಯವಲ್ಲ, ಹವೆಯ ವಿಷಯ.

ಸೋದರಿಯವರ ತಪ್ಪು, ತಪ್ಪೆಂದೇ ಕರೆಯುವುದಾದರೆ, ಇಲ್ಲಿದೆ. ಅವರು ಛಾಯಾಚಿತ್ರ ತೆಗೆದುದು ಮಾರ್ಚಿಯ ನಡುಹಗಲಿನಲ್ಲಿ. ಮೇಲಾಗಿ ಈಗಿನ ಮೊಬೈಲಿನ ಕ್ಯಾಮರಾಗಳು ಮಸುಕಾದುದನ್ನು ಸ್ಫುಟಗೊಳಿಸಿ, ಮಂಕಾದ ಬಣ್ಣಕ್ಕೆ ಹೊಳಪೇರಿಸಿ ಕೊಡುವುದು ಸಾಮಾನ್ಯ. ನಮ್ಮ ಕಾರ್ಯಕ್ಕೆ ಬೇಕಾದ ಮಸುಕನ್ನೇ ಯಂತ್ರವು ಕಸವೆಂದು ಗುಡಿಸಿ ಹೊರಗೆ ಹಾಕಿರುವುದು. ತಾಯಿಯವರ ನೆನಪಿನಲ್ಲಿರುವುದಾದರೋ, ಕಾಗದದಿಂದ ತಿಳಿಯುವಂತೆ, ಮಳೆಗಾಲದ ಅಂಗಳ: ಅಡಕೆಯ ಸೋಗೆ, ಕೆಂಪು ಹೆಂಚು, ಅದರಾಚೆ ಗುಡ್ಡ. ಛಾಯಾಚಿತ್ರವನ್ನು ರೇಖೆಗಾಗಿ ಇಟ್ಟುಕೊಳ್ಳಲಿ. ಬಣ್ಣಕ್ಕಾಗಿ ಅದನ್ನು ಮಡಿಸಿ ಒಳಗಿಡಲಿ.

ಈ ವಿದ್ಯೆ ಹಳೆಯದು. ಇಟಲಿಯ ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷಗಳ ಹಿಂದೆ ತನ್ನ ಟಿಪ್ಪಣಿಗಳಲ್ಲಿ, ಒಂದು ಗೋಡೆಯ ಮೇಲೆ ತಲೆಯೆತ್ತಿದ ಕಟ್ಟಡಗಳು ಒಂದೇ ಎತ್ತರವಾಗಿ ಕಂಡರೂ ಯಾವುದು ಹತ್ತಿರ ಯಾವುದು ದೂರವೆಂಬುದನ್ನು ಗಾಳಿಯ ನೀಲಿಯಿಂದಲೇ ತೋರಿಸಬಹುದೆಂದು ವಿವರಿಸಿರುವನು. ಆತನ ಮೋನಾಲೀಸಾ ಚಿತ್ರದಲ್ಲಿ ಎಲ್ಲರೂ ಮುಗುಳ್ನಗೆಯನ್ನು ನೋಡುವರು. ಅವಳ ಹೆಗಲಿನಾಚೆ ಕರಗಿಹೋಗುವ ಬೆಟ್ಟಗಳನ್ನು ನೋಡುವವರು ಕಡಮೆ. ಅದಕ್ಕೂ ನಾಲ್ಕು ಶತಮಾನಗಳ ಹಿಂದೆ ಚೀನದ ಗುವೊ ಷಿ 1072ರಲ್ಲಿ ವಸಂತಾರಂಭದ ಚಿತ್ರವನ್ನು ರೇಷ್ಮೆಯ ಮೇಲೆ ಬರೆದನು. ಅಲ್ಲಿ ಬಣ್ಣವೆಂಬುದು ಹೆಚ್ಚುಕಡಮೆ ಇಲ್ಲ. ಮಸಿ ಮತ್ತು ನೀರು ಅಷ್ಟೆ. ಬೆಟ್ಟ ಎತ್ತರವಾಗಿ ಕಾಣಬೇಕಾದರೆ ಅದನ್ನು ಪೂರ್ತಿಯಾಗಿ ತೋರಿಸದೆ ಸೊಂಟಕ್ಕೆ ಮಂಜನ್ನು ಸುತ್ತಬೇಕೆಂಬುದು ಆತನ ಉಪದೇಶ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದು ಹೊಸದೇನಲ್ಲ.

ನಮ್ಮವರಲ್ಲಿ ಈ ದಾರಿಯನ್ನು ತಿಳಿಯಬಯಸುವವರು ಕೆ. ವೆಂಕಟಪ್ಪನವರ ಉದಕಮಂಡಲದ ನೀರುಬಣ್ಣದ ಚಿತ್ರಗಳನ್ನು ನೋಡತಕ್ಕದ್ದು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ಇವರಿಗೆ, ಚಿತ್ರವನ್ನು ನೀರಿನಲ್ಲಿ ತೋಯಿಸಿ ತೋಯಿಸಿ ಬಣ್ಣವನ್ನು ಕರಗಿಸುವ ಗುರುವಿನ ಪದ್ಧತಿ ಚೆನ್ನಾಗಿ ಗೊತ್ತಿತ್ತು. ಅವನೀಂದ್ರರು ಅದನ್ನು ಬೆಳೆಸಿಕೊಂಡುದು 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ಚಿತ್ರಗಾರರ ಕೈಕೆಲಸವನ್ನು ನೋಡಿ. ಆದರೆ ವೆಂಕಟಪ್ಪನವರು ನೀಲಗಿರಿಯಲ್ಲಿ ಕುಳಿತಾಗ ಕಲ್ಪನೆಯ ಮಂಜನ್ನು ಬಿಟ್ಟು ಕಣ್ಣೆದುರಿನ ಮಂಜನ್ನು ಬರೆದರು. ಇವರು ವೀಣೆ ಶೇಷಣ್ಣನವರ ಶಿಷ್ಯರಾಗಿ ವೀಣೆಯನ್ನೂ ಅಭ್ಯಾಸ ಮಾಡಿದವರು. ಬಣ್ಣದ ಶ್ರುತಿಯನ್ನು ತಗ್ಗಿಸಿ ನುಡಿಸುವ ಧೈರ್ಯ ಅಲ್ಲಿಂದ ಬಂದಿತೋ ಏನೋ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ನೀಲಗಿರಿಯೆಂಬ ಹೆಸರನ್ನೂ ಇಲ್ಲಿ ಸ್ಮರಿಸಬಹುದು: ಗುಂಡ್ಲುಪೇಟೆಯ ಕೆಂಪು ಹೊಲಗಳ ಕಡೆಯಿಂದ ದಕ್ಷಿಣಕ್ಕೆ ನೋಡಿದವರಿಗೆ ಅದು ತಕ್ಕ ಹೆಸರೆಂದು ಹೇಳಿಕೊಡಬೇಕಾಗಿಲ್ಲ.

ಇನ್ನು ಕೈಕೆಲಸ. ಬಣ್ಣಗಳು ನಾಲ್ಕು ಸಾಕು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನ, ಯೆಲ್ಲೋ ಓಕರ್ ಎಂಬ ಹಳದಿ ಮಣ್ಣು, ಮತ್ತು ಲೈಟ್ ರೆಡ್ ಎಂದು ಮಾರುವ ಕಾವಿಯ ಬಣ್ಣ. ಪೆಟ್ಟಿಗೆಯಲ್ಲಿರುವ ಸಿದ್ಧ ಹಸಿರನ್ನೂ ಕಪ್ಪನ್ನೂ ಮೊದಲು ತೆಗೆದು ಬೇರೆ ಕಡೆ ಇಡಬೇಕು. ಅಂಗಡಿಯ ಹಸಿರು ಕಾಡಿನದಲ್ಲ, ಬಣ್ಣ ಬಳಿದ ಬಾಗಿಲಿನದು. ಕಪ್ಪು ಸೇರಿಸಿ ಮಂಕುಮಾಡಿದ ಬಣ್ಣ ಸತ್ತಂತಿರುವುದು. ಅಲ್ಟ್ರಾಮರೀನಿಗೆ ಸಿಯೆನ್ನವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ನೋಡಿ: ಒಂದು ಹಂತದಲ್ಲಿ ಎರಡೂ ಒಂದನ್ನೊಂದು ನುಂಗಿ ಬೂದಿಬಣ್ಣವಾಗುವುದು. ನೀಲಿ ಒಂದಿಷ್ಟು ಮೇಲಾದರೆ ತಂಪು ಬೂದಿ, ಸಿಯೆನ್ನ ಮೇಲಾದರೆ ಬಿಸಿ ಬೂದಿ. ಎದುರುಬದುರಾದ ಬಣ್ಣಗಳಿಂದ ಹುಟ್ಟಿದ ಈ ಬೂದಿಯೊಳಗೆ ಎರಡರ ಉಸಿರೂ ಇರುವುದು. ಕಾಡಿನ ಹಸಿರು ಬೇಕಾದಾಗ ಹಳದಿ ಮಣ್ಣಿಗೆ ನೀಲಿ ಬೆರೆಸಿ ಒಂದು ಹನಿ ಕಾವಿ ಹಾಕಿದರೆ ಸಾಕು.

ಮಂಕಾದ ಬಣ್ಣವೆಂದರೆ ಬಡತನವೆಂದು ಕೆಲವರು ತಿಳಿಯುವರು. ಮದುವೆಗೆ ಸೀರೆ ಆರಿಸುವ ಗೃಹಿಣಿಯರು ಹಾಗೆ ತಿಳಿಯಲಾರರು. ಬೂದು ಮೈಯ ಸೀರೆಗೆ ಕೆಂಪಿನ ಕಿರಿಯ ಅಂಚಿದ್ದರೆ ಆ ಕೆಂಪು ಉರಿಯುವುದು. ಅದೇ ಕೆಂಪು ಕೆಂಪಿನ ನಡುವೆ ಕಾಣದೆ ಹೋಗುವುದು. ಪ್ಯಾರಿಸಿನ ಗೊಬ್ಲೆನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ಮೇಲ್ವಿಚಾರಣೆ ನಡೆಸುತ್ತಿದ್ದ ಷೆವ್ರೂಲ್ ಎಂಬ ರಸಾಯನಜ್ಞನ ಬಳಿಗೆ ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ದೂರು ಬಂದಿತು. ವಿಚಾರಿಸಿ ನೋಡಿದಾಗ ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ಬಣ್ಣವೇ ಅದನ್ನು ಮಂಕುಮಾಡಿ ತೋರಿಸುತ್ತಿದ್ದಿತು. ನೆರೆಯ ಬಣ್ಣದ ಈ ಪ್ರಭಾವವನ್ನು ಕುರಿತು ಆತನು 1839ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ನಮ್ಮ ಚಿತ್ರದಲ್ಲಿ ಆ ಕೆಂಪಂಚು ಯಾವುದೆಂದರೆ ತವರುಮನೆಯ ಹೆಂಚು. ಚಿತ್ರವೆಲ್ಲವೂ ತಗ್ಗಿದ ದನಿಯಲ್ಲಿದ್ದರೆ ಅಂಗುಲದಷ್ಟು ಹೆಂಚು ತಾನೇ ಹೊಳೆಯುವುದು.

ಗುಡ್ಡಗಳನ್ನು ಬರೆಯುವಾಗ ದೂರದಿಂದ ಹತ್ತಿರಕ್ಕೆ ಬರತಕ್ಕದ್ದು. ನೀರುಬಣ್ಣದಲ್ಲಿ ತೆಳುವಿನ ಮೇಲೆ ಗಾಢ ನಿಲ್ಲುವುದು, ಗಾಢದ ಮೇಲೆ ತೆಳು ನಿಲ್ಲದು. ಐದು ಸಣ್ಣ ಬಟ್ಟಲುಗಳನ್ನು ಸಾಲಾಗಿ ಇಡಿ. ಮೊದಲನೆಯದರಲ್ಲಿ ಹತ್ತಿರದ ಗುಡ್ಡಕ್ಕೆ ಬೇಕಾದ ಗಾಢವಾದ ಹಸಿರುಬೂದಿಯನ್ನು ನಾಲ್ಕು ಚಮಚ ಕಲಸಿರಿ. ಅದರಲ್ಲಿ ಎರಡು ಚಮಚವನ್ನು ಎರಡನೆಯ ಬಟ್ಟಲಿಗೆ ಹಾಕಿ ಎರಡು ಚಮಚ ನೀರು ಕೂಡಿಸಿರಿ. ಅದರಿಂದ ಎರಡು ಚಮಚ ಮೂರನೆಯದಕ್ಕೆ, ಮತ್ತೆ ಅಷ್ಟೇ ನೀರು. ಹೀಗೆಯೇ ಐದರ ವರೆಗೆ. ಪ್ರತಿ ಬಟ್ಟಲಿಗೂ ಕುಂಚದ ತುದಿಯಿಂದ ನೀಲಿಯ ಸೋಂಕು ಮಾತ್ರ ಕೊಡಿ. ಮಳೆಗಾಲದ ಚಿತ್ರಕ್ಕೆ ಇದಕ್ಕಿಂತ ಹೆಚ್ಚಿನ ನೀಲಿ ಸಲ್ಲದು.

ಸಮವಾಗಿ ಒಂದೊಂದೇ ಮೆಟ್ಟಲು ಇಳಿಸದೆ ಪ್ರತಿಸಲ ಅರ್ಧ ಅರ್ಧ ಮಾಡುವುದೇಕೆಂದು ಕೇಳಬಹುದು. ಗಾಳಿಯ ಲೆಕ್ಕವೇ ಹಾಗೆ. ಮೊದಲ ಹರಿದಾರಿ ಗಾಳಿ ಗುಡ್ಡದ ಗಾಢತೆಯಲ್ಲಿ ಅರ್ಧವನ್ನು ನುಂಗಿತೆಂದುಕೊಳ್ಳೋಣ. ಎರಡನೆಯ ಹರಿದಾರಿ ಉಳಿದುದರಲ್ಲಿ ಅರ್ಧವನ್ನು ನುಂಗುವುದೇ ಹೊರತು ಮೊದಲಿನಷ್ಟನ್ನೇ ನುಂಗದು. ಆದುದರಿಂದ ಒಂದನೆಯ ಎರಡನೆಯ ಸಾಲುಗಳ ನಡುವೆ ದೊಡ್ಡ ಜಿಗಿತವಿದ್ದು, ನಾಲ್ಕನೆಯ ಐದನೆಯ ಸಾಲುಗಳು ಹೆಚ್ಚುಕಡಮೆ ಒಂದೇ ಆಗಿರುವುವು. ಸಮಾನ ಮೆಟ್ಟಲು ಹಾಕಿದವರ ಗುಡ್ಡಗಳು ನಾಟಕದ ಪರದೆಗಳಂತೆ ಒಂದರ ಹಿಂದೊಂದು ನಿಂತುಕೊಳ್ಳುವುವು. ಕೊನೆಯ ಸಾಲಿಗೆ ಬಟ್ಟಲಿನಲ್ಲಿ ನೀರಿನ ಹೊರತು ಏನೂ ಇಲ್ಲವೆಂದು ತೋರಿದರೆ ಹೆದರಬೇಡಿ, ಅಷ್ಟೇ ಇರಬೇಕಾದುದು. ನೀರುಬಣ್ಣವು ಒಣಗಿದಾಗ ಇನ್ನೂ ತಿಳಿಯಾಗುವುದೆಂಬುದನ್ನು ಮಾತ್ರ ನೆನಪಿಟ್ಟು, ಬೇರೆ ಕಾಗದದ ಚೂರಿನ ಮೇಲೆ ಬಳಿದು ಒಣಗಿಸಿ ನೋಡಿಕೊಳ್ಳಿ.

ಒಂದು ಸಾಲು ಪೂರ್ಣವಾಗಿ ಒಣಗಿದ ಮೇಲೆಯೇ ಮುಂದಿನದು. ಆಷಾಢದಲ್ಲಿ ಅದಕ್ಕೆ ಅರ್ಧ ದಿನ ಹಿಡಿಯಬಹುದು. ಅವಸರಪಟ್ಟು ಒಲೆಯ ಮೇಲೆ ಹಿಡಿದರೆ ಕಾಗದ ಸೆಟೆಯುವುದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗುಡ್ಡದ ನೆತ್ತಿ ಗಾಢವಾಗಿಯೂ ಬುಡ ತೆಳುವಾಗಿಯೂ ಇರಬೇಕು. ಹೊಸಬರು ಇದನ್ನು ತಿರುಗಿಸಿ ಮಾಡುವರು. ಬುಡ ಭಾರವಾಗಿರಬೇಕೆಂಬ ಭ್ರಮೆ. ಮಂಜು ಕಣಿವೆಯಲ್ಲಿ ತಂಗುವುದು, ನೆತ್ತಿಯಲ್ಲಲ್ಲ. ಒಂದು ಸಾಲಿನ ನೆತ್ತಿಯ ಗೆರೆಯನ್ನು ಎಳೆದು ಬಣ್ಣವನ್ನು ಕೆಳಕ್ಕೆ ತರುತ್ತ, ಅದು ಹಸಿಯಾಗಿರುವಾಗಲೇ ಶುದ್ಧವಾದ ನೀರಿನ ಕುಂಚವನ್ನು ಕೆಳಗಿನಿಂದ ತಾಗಿಸಿದರೆ ಬಣ್ಣವು ತಾನಾಗಿ ಕರಗಿ ಬಿಳಿಯೊಳಗೆ ಹೋಗುವುದು. ಆ ಬಿಳಿಯ ಮೇಲೆ ಮುಂದಿನ ಸಾಲಿನ ಗಾಢವಾದ ನೆತ್ತಿ ಬಂದು ಕುಳಿತಾಗ ಇವೆರಡರ ನಡುವೆ ಒಂದು ಕಣಿವೆ ಹುಟ್ಟುವುದು. ಯಾರೂ ಕಣಿವೆಯನ್ನು ಬರೆಯಲಿಲ್ಲ. ಆದರೂ ಅದು ಅಲ್ಲಿದೆ. ಸೋದರಿಯವರ ಚಿತ್ರದಲ್ಲಿ ಇಲ್ಲದೆ ಹೋದುದು ಇದೇ. ಹಳ್ಳಿಯಿದ್ದುದೂ, ಈಗ ನೀರು ನಿಂತಿರುವುದೂ ಅಂಥ ಒಂದು ಬಿಳಿಯಲ್ಲಿಯೇ.

ಮರಗಳ ವಿಷಯದಲ್ಲಿ ನಿಷ್ಠುರವಾಗಬೇಕು. ಎಲೆಯೂ ಕೊಂಬೆಯೂ ಅಂಗಳದ ಅಡಕೆಮರಕ್ಕೆ ಮಾತ್ರ. ಮೊದಲ ಗುಡ್ಡದ ನೆತ್ತಿಯಲ್ಲಿ ಮರಗಳ ಗುಂಪಿನ ಏರುಪೇರು ಕಂಡರೆ ಸಾಕು. ಅಲ್ಲಿಂದಾಚೆ ಬರಿಯ ಬಾಹ್ಯರೇಖೆ. ಇಪ್ಪತ್ತು ದಿನ ಬರೆದ ಮರಗಳನ್ನು ಬಿಡಬೇಕಾಗುವುದೆಂದು ಸೋದರಿಯವರು ನೊಂದುಕೊಳ್ಳಬಹುದು. ಕಣ್ಣನ್ನು ಅರ್ಧ ಮುಚ್ಚಿ ನೋಡುವ ಅಭ್ಯಾಸ ಮಾಡಿಕೊಂಡರೆ ಯಾವುದು ಉಳಿಯಬೇಕು ಯಾವುದು ಹೋಗಬೇಕೆಂಬುದು ತಾನೇ ತೀರ್ಮಾನವಾಗುವುದು. ತಾಯಿಯವರು ಈಗ ನೋಡುವುದೂ ಹಾಗೆಯೇ. ಅವರ ಮಸುಕಾದ ಕಣ್ಣಿಗೆ ಎಲೆಗಳು ಕಾಣದಿದ್ದರೂ ಹತ್ತಿರ ದೂರಗಳ ಭೇದ ಕಂಡಿತಲ್ಲ.

ಇನ್ನೊಂದು ಉಪಾಯವನ್ನು ಹೇಳಿ ಬಿಡುತ್ತೇವೆ. ಯಾವ ಸಾಲು ಎಷ್ಟು ದೂರವಿದ್ದಿತೆಂಬುದು ಛಾಯಾಚಿತ್ರದಿಂದ ತಿಳಿಯದು. ಅದನ್ನು ತೆಗೆದ ಜಾಗವೂ ಮನೆಯ ಅಂಗಳವಲ್ಲ, ನೀರಿನ ಈಚೆಯ ದಡ. ಆದರೆ ಮಲೆನಾಡಿನ ಮನೆಗಳಲ್ಲಿ ಅಂಗಳಕ್ಕೆ ಅಡಕೆ ಹರವಿದವರಿಗೆಲ್ಲ ಮಳೆ ಬರುವ ದಾರಿ ಗೊತ್ತಿರುವುದು. ಇಂಥ ಗುಡ್ಡ ಮುಚ್ಚಿದರೆ ಇನ್ನೂ ಸಮಯವಿದೆ, ಇಂಥದು ಮುಚ್ಚಿದರೆ ಅಡಕೆ ಎತ್ತಬೇಕು ಎಂಬ ಲೆಕ್ಕವನ್ನು ಮಕ್ಕಳು ಹತ್ತು ವರ್ಷಕ್ಕೆ ಮೊದಲೇ ಕಲಿತಿರುವರು. ಆದಕಾರಣ ಸೋದರಿಯವರು ಹಳೆಯ ಚಿತ್ರದ ರೇಖೆಗಳನ್ನು ಮಾತ್ರ ಹೊಸ ಕಾಗದಕ್ಕೆ ಇಳಿಸಿಕೊಂಡು, ತಾಯಿಯವರ ಪಕ್ಕದಲ್ಲಿ ಕುಳಿತು, ಮಳೆ ಬಂದಾಗ ಇವುಗಳಲ್ಲಿ ಮೊದಲು ಕಾಣದಾಗುತ್ತಿದ್ದುದು ಯಾವುದು, ಆಮೇಲೆ ಯಾವುದು, ಕೊನೆಯ ವರೆಗೂ ನಿಲ್ಲುತ್ತಿದ್ದುದು ಯಾವುದು ಎಂದು ಒಂದೊಂದನ್ನೇ ಕೇಳಲಿ. ಅವರು ಬೆರಳಿಟ್ಟು ತೋರಿಸಿದ ಕ್ರಮದಲ್ಲಿ ಗುಡ್ಡಗಳ ಮೇಲೆ ಸೀಸದ ಕಡ್ಡಿಯಿಂದ ಐದು, ನಾಲ್ಕು, ಮೂರು ಎಂದು ತೆಳುವಾಗಿ ಗುರುತು ಹಾಕಿಕೊಂಡು, ಆ ಅಂಕೆಯ ಬಟ್ಟಲಿಗೆ ಕುಂಚವನ್ನು ಅದ್ದಲಿ.